ಸೈಕಲ್ ಹಿಂದೆ ಎಳೆದೊಯ್ಯುವ ಮಲಗುವ ಗಾಡಿ: ಕಟ್ಟುವುದು ಹೇಗೆ, ನಿಲ್ಲಿಸುವುದು ಎಲ್ಲಿ

ಸೈಕಲ್ ಮೇಲೆ ಊರೂರು ಸುತ್ತುವವರಿಗೆ ಹಗಲಿಗಿಂತ ರಾತ್ರಿಯದೇ ಚಿಂತೆ. ಎಲ್ಲ ಊರಲ್ಲೂ ಲಾಡ್ಜ್ ಇರುವುದಿಲ್ಲ. ಟೆಂಟ್ ಹಾಕೋಣ ಅಂದ್ರೆ ನಮ್ಮ ಅಣ್ಣಿಗೇರಿ, ಗದಗ ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟಿರುತ್ತದೆ, ಮಳೆಯಲ್ಲಿ ಕಾಲು ಕಿತ್ತಿಡಲು ಬಿಡುವುದಿಲ್ಲ. ಹಾವು, ಚೇಳಿನ ಭಯ ಬೇರೆ. ಹಾಸಿಗೆಯನ್ನೇ ಚಕ್ರದ ಮೇಲೆ ಇಟ್ಟುಕೊಂಡು ಹೋದರೆ? ಯುರೋಪಿನಲ್ಲಿ ಇದು ಹೊಸದೇನಲ್ಲ. ಡೆನ್ಮಾರ್ಕ್‌ನ ವೈಡ್ ಪಾತ್ ಕ್ಯಾಂಪರ್ ಅನ್ನುವ ಮಡಚುವ ಗಾಡಿ ಸುಮಾರು 45 ಕಿಲೋ ತೂಗುತ್ತದೆ, ಸೈಕಲ್‌ಗೆ ಸಿಕ್ಕಿಸಿ ಎಳೆಯುತ್ತಾರೆ. ಅದನ್ನು ತರಿಸುವ ಗೋಜು ಬೇಡ. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ, ಸಾಮಾನೆಲ್ಲ ಇಲ್ಲೇ ಸಿಗುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಕಟ್ಟುತ್ತಿರುವುದು ಮಂಚವನ್ನು, ಮನೆಯನ್ನಲ್ಲ. ಕಪಾಟು, ಮೇಜು, ಸಿಂಕು ಅಂತ ಸೇರಿಸುತ್ತಾ ಹೋದರೆ ಅದನ್ನು ಎಳೆಯಲು ಟ್ರ್ಯಾಕ್ಟರ್ ಬೇಕಾಗುತ್ತದೆ. ಖಾಲಿ ಗಾಡಿ 30 ಕಿಲೋ ಒಳಗಿರಲಿ, ಸಾಮಾನು ಸೇರಿ 40 ದಾಟದಿರಲಿ. 70 ಕಿಲೋ ಮನುಷ್ಯ, 15 ಕಿಲೋ ಸೈಕಲ್, ಅದರ ಹಿಂದೆ 40 ಕಿಲೋ ಗಾಡಿ ಅಂದರೆ ಏರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಶಕ್ತಿ ಹಾಕಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರೀ ಸೈಕಲ್ ತುಳಿದವರಿಗೂ ಆ ಏರು ಗೊತ್ತು.

ಅಳತೆ ಮತ್ತು ಸಾಮಾನು

ಉದ್ದ ನಿಮ್ಮ ಎತ್ತರಕ್ಕಿಂತ ಅರ್ಧ ಅಡಿ ಜಾಸ್ತಿ. ಆರು ಅಡಿ ಆಸಾಮಿಗೆ 2 ಮೀಟರ್ ಸಾಕು. ಅಗಲ 75 ಸೆಂ.ಮೀ. ಒಬ್ಬರಿಗೆ ಧಾರಾಳ, ಇಬ್ಬರಿಗೆ ಆಗುವುದಿಲ್ಲ, ಆ ಆಸೆ ಈಗಲೇ ಬಿಟ್ಟುಬಿಡಿ. ಒಳಗೆ ಕೂತು ಅಂಗಿ ಬದಲಿಸಲು 95 ಸೆಂ.ಮೀ. ಎತ್ತರ ಬೇಕು.

ಫ್ರೇಮ್‌ಗೆ 20 ಮಿ.ಮೀ. ಚೌಕದ ಪೈಪ್, 1.2 ಮಿ.ಮೀ. ದಪ್ಪದ್ದು ತಗೊಳ್ಳಿ. ಮೀಟರಿಗೆ ಮುಕ್ಕಾಲು ಕಿಲೋಗಿಂತ ಕಡಿಮೆ ತೂಗುತ್ತದೆ. ವೆಲ್ಡಿಂಗ್ ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ನೋಡಿ "ಇಷ್ಟ ತೆಳ್ಳಂದು ತಡಿತೈತೇನ್ರಿ ಸರ್?" ಅಂತ ಕೇಳಿಯೇ ಕೇಳುತ್ತಾರೆ. ಗೇಟು, ಗ್ರಿಲ್ಲು ಮಾಡಿದ ಕೈ ಅದು, ದಪ್ಪ ಪೈಪೇ ಅವರಿಗೆ ಭರವಸೆ. ಮೂಲೆಗಳಿಗೆ ತ್ರಿಕೋನದ ಪಟ್ಟಿ ಕೊಡಿಸಿ, ತಡೆಯುತ್ತದೆ ಅಂತ ಹೇಳಿ, ಜಗ್ಗಬೇಡಿ. 25 ಮಿ.ಮೀ. ಪೈಪ್, 1.6 ದಪ್ಪದ್ದು ಹಾಕಿದರೆ ಫ್ರೇಮ್ ಒಂದರಲ್ಲೇ ಆರೇಳು ಕಿಲೋ ಏರಿಬಿಡುತ್ತದೆ.

ಗೋಡೆಗೆ ತಗಡು ಬೇಡ, ಪ್ಲೈವುಡ್ಡೂ ಬೇಡ. ಅಂಗಡಿ ಬೋರ್ಡ್, ಚುನಾವಣೆ ಬೋರ್ಡ್ ಮಾಡುತ್ತಾರಲ್ಲ, ಆ ಸನ್‌ಪ್ಯಾಕ್ ಶೀಟ್ ತನ್ನಿ. ಒಳಗೆ ಕೊಳವೆ ಕೊಳವೆ ಇರುವ ಪ್ಲಾಸ್ಟಿಕ್ ಹಾಳೆ. 5 ಮಿ.ಮೀ. ದಪ್ಪದ್ದು ಚದರ ಮೀಟರಿಗೆ ಒಂದು ಕಿಲೋ ಆಸುಪಾಸು. ಇಡೀ ಪೆಟ್ಟಿಗೆ ಮುಚ್ಚಲು 7 ಚದರ ಮೀಟರ್ ಹಿಡಿಯುತ್ತದೆ, ಅಂದರೆ ಏಳು ಕಿಲೋ. ಅದೇ 6 ಮಿ.ಮೀ. ಪ್ಲೈವುಡ್ ಆದರೆ ಇಪ್ಪತ್ತೈದು ಕಿಲೋ ಹತ್ತಿರ. ಮಲಗುವ ತಳಕ್ಕೆ ಮಾತ್ರ ಪ್ಲೈವುಡ್ ಇರಲಿ, ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸನ್‌ಪ್ಯಾಕ್ ಬಿಸಿಲಿಗೆ ಕ್ರಮೇಣ ಪುಡಿಯಾಗುತ್ತದೆ, ಬಿಳಿ ಬಣ್ಣದ್ದು ತಗೊಂಡು ನೆರಳಲ್ಲಿ ನಿಲ್ಲಿಸುವ ರೂಢಿ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಪೂರ್ತಿ ಪೆಟ್ಟಿಗೆಯೇ ಬೇಡ. ಕೆಳಗಿನ ಒಂದೂವರೆ ಅಡಿ ಸನ್‌ಪ್ಯಾಕ್, ಮೇಲಿನ ಭಾಗ ಕ್ಯಾನ್ವಾಸ್ ಬಟ್ಟೆ, ಚಾವಣಿ ಎತ್ತಿದರೆ ಬಟ್ಟೆ ಬಿಚ್ಚಿಕೊಳ್ಳಬೇಕು, ಇಳಿಸಿದರೆ ಒಳಗೆ ಮಡಚಿ ಕೂರಬೇಕು. ಕಾರಣ ಗಾಳಿ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರಾ? 2 ಮೀಟರ್ ಉದ್ದ, 95 ಸೆಂ.ಮೀ. ಎತ್ತರದ ಗೋಡೆಗೆ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಪಕ್ಕದಿಂದ ಹೊಡೆದರೆ ಸುಮಾರು 15 ಕಿಲೋ ಭಾರದಷ್ಟು ನೂಕು ಬೀಳುತ್ತದೆ. 50 ದಾಟಿದರೆ 40 ಕಿಲೋ ಗಾಡಿಯ ಒಂದು ಚಕ್ರ ನೆಲ ಬಿಡಬಹುದು. ಹೈವೇಯಲ್ಲಿ ಪಕ್ಕದಲ್ಲೇ ಲಾರಿ ಹಾದುಹೋದಾಗ ಆಗುವುದೂ ಇದೇ. ಗೋಡೆ ಅರ್ಧಕ್ಕಿಳಿದರೆ ನೂಕೂ ಅರ್ಧ, ಅದೂ ಕೆಳಗೆ ಬೀಳುವುದರಿಂದ ಗಾಡಿ ಅಲುಗಾಡುವುದು ಇನ್ನೂ ಕಡಿಮೆ.

ಚಕ್ರ, ಕೊಂಡಿ

ಚಕ್ರ ಎರಡು, 20 ಇಂಚಿನವು, ಮಕ್ಕಳ ಸೈಕಲ್‌ನವೇ ಸಾಕು. ಆದರೆ ಸೈಕಲ್ ಚಕ್ರದ ಅಚ್ಚು ಎರಡೂ ಕಡೆ ಆಧಾರ ಕೇಳುತ್ತದೆ. ಒಂದೇ ಕಡೆ ಸಿಕ್ಕಿಸಿದರೆ ಬಾಗುತ್ತದೆ. ಹಾಗಾಗಿ ಚಕ್ರದ ಹೊರಗೂ ಒಂದು ಪೈಪ್ ಸುತ್ತು ಕೊಡಿಸಿ, ಅಚ್ಚಿನ ಎರಡೂ ತುದಿ ನಟ್ ಬಿಗಿಯಲು ಜಾಗ ಬರುತ್ತದೆ. ಚಕ್ರಗಳು ತಳದ ಅಕ್ಕಪಕ್ಕ ಇರಲಿ, ಅಡಿಯಲ್ಲಿ ಅಲ್ಲ. ತಳ ನೆಲದಿಂದ ಒಂದಡಿ ಮೇಲೆ ಇದ್ದರೆ ಸಾಕು.

ಚಕ್ರ ಉದ್ದದ ಸರಿ ಮಧ್ಯದಲ್ಲಿ ಕೂರಬಾರದು, ಸ್ವಲ್ಪ ಹಿಂದೆ ಇರಬೇಕು. ಚಕ್ಕಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂದೆ ಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹಣ್ಣಾಗುತ್ತದೆ, ಹಿಂದೆ ಜಾಸ್ತಿಯಾದರೆ ನೊಗ ಮೇಲೇಳುತ್ತದೆ. ಇಲ್ಲೂ ಅಷ್ಟೇ: ಒಟ್ಟು ಭಾರದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಬೀಳಬೇಕು. 40 ಕಿಲೋ ಗಾಡಿಯಾದರೆ ಮೂತಿಯನ್ನು, ಅಂದರೆ ಕೊಂಡಿ ಬರುವ ಮುಂದಿನ ತುದಿಯನ್ನು, ಬಚ್ಚಲುಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿ, 3ರಿಂದ 4 ಕಿಲೋ ತೋರಿಸಬೇಕು. ಮೂತಿ ಹಗುರಾದರೆ ಇಳಿಜಾರಿನಲ್ಲಿ ಗಾಡಿ ಬಾಲ ಆಡಿಸುತ್ತದೆ.

ಕೊಂಡಿಯನ್ನು ಸೀಟಿನ ಕಂಬಕ್ಕೆ ಹಾಕಬೇಡಿ. ಬ್ರೇಕ್ ಹಿಡಿದಾಗ ಗಾಡಿ ಅಷ್ಟೆತ್ತರದಿಂದ ನೂಕಿ ಹಿಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂದಿನ ಅಚ್ಚಿನ ಎಡಗಡೆ, ಚೈನ್ ಇಲ್ಲದ ಕಡೆ, ಒಂದು ದಪ್ಪ ಪಟ್ಟಿ ಕೂರಿಸಿ ಅಲ್ಲಿಗೆ ಜೋಡಿಸಿ. ಕೀಲು ಮೇಲೆ-ಕೆಳಗೆ, ಎಡ-ಬಲ ತಿರುಗಬೇಕು, ಸೈಕಲ್ ಅಡ್ಡ ಬಿದ್ದರೂ ಗಾಡಿ ನೆಟ್ಟಗೆ ನಿಲ್ಲುವಷ್ಟು ಹೊರಳಬೇಕು. ಬೈಕಿನ ಹಿಂದಿನ ಚಕ್ರ ಹಿಡಿಯುವ ತೋಳಿನ ಬುಡದಲ್ಲಿರುವ ಬುಷ್ (ಸ್ವಿಂಗ್ ಆರ್ಮ್ ಬುಷ್) ಅಥವಾ ಗಟ್ಟಿ ರಬ್ಬರ್ ತುಂಡು ಇದಕ್ಕೆ ಒಗ್ಗುತ್ತದೆ. ಕೀಲು ಮುರಿದರೂ ಗಾಡಿ ಕಳಚಿಹೋಗದ ಹಾಗೆ ಪಕ್ಕದಲ್ಲೊಂದು ನೈಲಾನ್ ಬೆಲ್ಟ್ ಸುತ್ತಿಡಿ. ಇದೊಂದನ್ನು ಮರೆಯಬೇಡಿ.

ಗೇರ್ ಇಲ್ಲದ ಸೈಕಲ್‌ನಲ್ಲಿ ಇದು ಆಗದ ಕೆಲಸ. ಹಿಂದೆ 34 ಹಲ್ಲಿನ ಚಕ್ರ, ಮುಂದೆ ಸಾಧ್ಯವಾದಷ್ಟು ಚಿಕ್ಕದು ಇರಲಿ. ಇಳಿಜಾರಿನಲ್ಲಿ 20 ಕಿ.ಮೀ. ವೇಗ ದಾಟಬೇಡಿ.

ಒಳಗೆ ಉಸಿರಾಡಬೇಕಲ್ಲ

ಮಲಗಿದವರ ಉಸಿರು, ಬೆವರಿನಿಂದ ರಾತ್ರಿಯಿಡೀ ಒಂದು ಲೋಟದಷ್ಟಾದರೂ ನೀರು ಹೊರಬರುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಗೂಡಿನಲ್ಲಿ ಅದು ಹೋಗುವುದೆಲ್ಲಿಗೆ? ಗೋಡೆಗೆ ಹನಿ ಕಟ್ಟಿ ಹಾಸಿಗೆ ಮೇಲೆ ಇಳಿಯುತ್ತದೆ. ಕಾಲಿನ ಕಡೆ ಕೆಳಗೊಂದು, ತಲೆಯ ಕಡೆ ಮೇಲೊಂದು ಅಂಗೈ ಅಗಲದ ಕಿಂಡಿ ಬಿಟ್ಟು ಸೊಳ್ಳೆ ಪರದೆ ಹೊಲಿಸಿ. ಚಳಿ ಅಂತ ಕಿಂಡಿ ಮುಚ್ಚಬೇಡಿ, ಒಂದು ಕಂಬಳಿ ಜಾಸ್ತಿ ಹೊದ್ದುಕೊಳ್ಳಿ. ಒಳಗೆ ಒಲೆ, ಸೊಳ್ಳೆ ಬತ್ತಿ, ಮೇಣದಬತ್ತಿ ಯಾವುದೂ ಬೇಡ. ಬಾಗಿಲು ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವಂತಿರಲಿ.

ನಿಲ್ಲಿಸಿದ ಮೇಲೆ ಸೈಕಲ್ ಬಿಚ್ಚಿ, ನಾಲ್ಕೂ ಮೂಲೆಗೆ ಕಾಲು ಇಳಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎರಡೇ ಚಕ್ರದ ಗಾಡಿಯ ತುದಿಯಲ್ಲಿ ಕೂತರೆ ಅದು ನಿಮ್ಮನ್ನು ಹಾಗೇ ನೆಲಕ್ಕೆ ಇಳಿಸುತ್ತದೆ. ತಲೆಯ ಕಡೆ ಒಂದಿಂಚು ಮೇಲಿರಲಿ.

ಎಲ್ಲಿ ನಿಲ್ಲಿಸಬೇಕು

ಹೈವೇ ಬದಿ ಬೇಡವೇ ಬೇಡ. ಊರ ಗುಡಿಯ ಕಟ್ಟೆ, ಮಠದ ಅಂಗಳ, ಪೆಟ್ರೋಲ್ ಬಂಕಿನ ಹಿಂಬದಿ, ಸುಗ್ಗಿ ಮುಗಿದ ಕಣ, ಇವು ಒಳ್ಳೆಯ ಜಾಗ. ಕತ್ತಲಾಗುವ ಮೊದಲೇ ತಲುಪಿ, ಹಿರಿಯರನ್ನು ನೋಡಿ "ಯಜಮಾನ್ರ, ಇವತ್ತೊಂದಿನ ಇಲ್ಲೇ ಮಲಗ್ಲೇನ್ರಿ?" ಅಂತ ಕೇಳಿ. ಬೇಡ ಅನ್ನುವವರು ಕಡಿಮೆ. ಹುಡುಗರು ಮುತ್ತಿಕೊಳ್ಳುತ್ತಾರೆ, ಒಳಗೆ ಟಿವಿ ಐತೇನ್ರಿ ಅಂತ ಕೇಳುತ್ತಾರೆ. ಒಂದು ಸಲ ಬಾಗಿಲು ತೆಗೆದು ತೋರಿಸಿಬಿಡಿ. ತೋರಿಸದಿದ್ದರೆ ರಾತ್ರಿ ಹತ್ತರವರೆಗೂ ತಟ್ಟುತ್ತಲೇ ಇರುತ್ತಾರೆ. ಲಕ್ಕುಂಡಿಯಲ್ಲಿ ಪುರಾತತ್ವ ಇಲಾಖೆಯ ಗುಡಿಗಳ ಆವರಣದೊಳಗೆ ಮಲಗಲು ಬಿಡುವುದಿಲ್ಲ, ಊರೊಳಗೆ ಕೇಳಿ.

ಕಾಲ ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್‌ನಲ್ಲಿ ಒಳಗೆ ಬೆಂದುಹೋಗುತ್ತೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಜೋರು, ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಹೆಜ್ಜೆ ಮುಂದೆ ಹೋಗುವುದಿಲ್ಲ, ಡಾಂಬರು ಬಿಟ್ಟು ಇಳಿಯಬೇಡಿ.

ಮೊದಲ ಸಲ ಹೊರಡುವುದಾದರೆ ಹುಬ್ಬಳ್ಳಿಯಿಂದ ಲಕ್ಕುಂಡಿ ನೋಡಿ, 70 ಕಿ.ಮೀ. ಆಸುಪಾಸು, ಹೆಚ್ಚಿನ ದಾರಿ ಸಪಾಟು. ಗಾಡಿ ಎಳೆಯುವಾಗ ಗಂಟೆಗೆ 10ರಿಂದ 12 ಕಿ.ಮೀ. ಲೆಕ್ಕ ಹಾಕಿ. ಅರ್ಧ ದಾರಿಯ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ನೋಡಿಕೊಂಡು ಊರಲ್ಲೇ ರಾತ್ರಿ ಕಳೆಯಿರಿ, ಮರುದಿನ ಗದಗ ದಾಟಿ ಮುಂದಕ್ಕೆ. ಹಿಂಬದಿಗೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಹಗಲಲ್ಲೂ ಇರಲಿ.

ಬೆಳಿಗ್ಗೆ ಹೊರಡುವ ಮೊದಲು ಹಾಸಿಗೆ ಬಿಸಿಲಿಗೆ ಹಾಕಿ, ಅಷ್ಟರಲ್ಲಿ ಗಾಡಿಯ ಎರಡೂ ಟೈರು ಕೈಯಾಡಿಸಿ ನೋಡಿ. ಸೈಕಲ್ ಪಂಕ್ಚರ್ ಆದರೆ ತಕ್ಷಣ ಗೊತ್ತಾಗುತ್ತದೆ, ಗಾಡಿಯದು ಆಗುವುದಿಲ್ಲ, ಯಾಕೋ ಇವತ್ತು ಭಾರ ಅಂದುಕೊಂಡು ಎರಡು ಮೈಲು ತುಳಿದಿರುತ್ತೀರಿ, ಅಷ್ಟರಲ್ಲಿ ಟ್ಯೂಬ್ ಚಿಂದಿ. ಜಾಲಿ ಮುಳ್ಳು ಸಿಕ್ಕರೆ ಚಿಮುಟದಿಂದ ನೆಟ್ಟಗೆ ಎಳೆಯಿರಿ, ಮುರಿದರೆ ತುದಿ ಒಳಗೇ ಉಳಿದು ಸಂಜೆಯೊಳಗೆ ಮತ್ತೆ ಚುಚ್ಚುತ್ತದೆ. 20 ಇಂಚಿನ ಟ್ಯೂಬ್ ಎರಡು ಜೊತೆಗಿರಲಿ, ಹಳ್ಳಿ ಅಂಗಡಿಯಲ್ಲಿ ಆ ಅಳತೆ ಎಲ್ಲ ಕಡೆ ಸಿಗುವುದಿಲ್ಲ.