ಪ್ಯಾನೆಲ್‌ಗಿಂತ ಮೊದಲು ಸ್ಟೇಷನ್ ಲಾಗ್‌ಬುಕ್: 2 ಮೆಗಾವಾಟ್ ಸೋಲಾರ್ ಪ್ರಾಜೆಕ್ಟ್ ಕಟ್ಟುವ ನನ್ನ ಕ್ರಮ

ಸೋಲಾರ್ ಡೆವಲಪರ್ ಎಂದರೆ ಪ್ಯಾನೆಲ್ ಕೂಡಿಸುವವ ಎಂದೇ ವಿಜಯಪುರ, ಬಾಗಲಕೋಟೆ ಕಡೆ ಬಹಳ ಮಂದಿ ತಿಳಿದಿದ್ದಾರೆ. ಪ್ಯಾನೆಲ್ ಕೂಡಿಸುವ ಗುತ್ತಿಗೆದಾರರು ಬೇಕಾದಷ್ಟು ಸಿಗುತ್ತಾರೆ. ಡೆವಲಪರ್‌ನ ಕೆಲಸ ಅದಕ್ಕೂ ಮುಂಚಿನದು. ಹೊಲ, ಸಬ್‌ಸ್ಟೇಷನ್, ವಿದ್ಯುತ್ ಮಾರಾಟದ ಕರಾರು, ಬ್ಯಾಂಕಿನ ಸಾಲ, ಈ ನಾಲ್ಕೂ ಒಂದೇ ಜಾಗಕ್ಕೆ ಹೊಂದುವಂತೆ ಮಾಡಬೇಕು. ನೋಡಿದ ಜಾಗಗಳಲ್ಲಿ ಹೆಚ್ಚಿನವು ಹೊಂದುವುದಿಲ್ಲ. ಆದ್ದರಿಂದ ನಾನು ಪರೀಕ್ಷೆಗಳನ್ನು ಖರ್ಚಿನ ಲೆಕ್ಕದಲ್ಲಿ ಜೋಡಿಸುತ್ತೇನೆ: ಪೆಟ್ರೋಲ್ ಖರ್ಚಿನಲ್ಲಿ ಆಗುವುದು ಮೊದಲು, ಸಾವಿರಗಟ್ಟಲೆ ಖರ್ಚಿನದು ಆಮೇಲೆ, ಲಕ್ಷದ ಮಾತು ಕೊನೆಗೆ. ಕೆಡುವ ಜಾಗ ಮೊದಲ ಹಂತದಲ್ಲೇ ಕೆಟ್ಟರೆ ನಷ್ಟವಿಲ್ಲ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 33/11 ಕೆವಿ ಸ್ಟೇಷನ್ (33 ಕೆವಿ ಕರೆಂಟನ್ನು 11 ಕೆವಿಗೆ ಇಳಿಸಿ ಹಳ್ಳಿಗಳಿಗೆ ಹಂಚುವ ಸಬ್‌ಸ್ಟೇಷನ್) ಪಕ್ಕದ 2 ಮೆಗಾವಾಟ್ ಘಟಕ. ಪಿಎಂ ಕುಸುಮ್ ಯೋಜನೆಯ ಸಿ ವಿಭಾಗದಲ್ಲಿ, ಪಂಪ್‌ಸೆಟ್ ಫೀಡರ್‌ಗಳಿಗೆ (ಸ್ಟೇಷನ್ನಿನಿಂದ ಹೊಲಗಳಿಗೆ ಹೋಗುವ ಲೈನ್‌ಗಳಿಗೆ) ಹಗಲಲ್ಲಿ ಕರೆಂಟ್ ಕೊಡಲು ಹೆಸ್ಕಾಂ ಕರೆಯುವ ಟೆಂಡರ್‌ಗಳು ಸುಮಾರು ಈ ಗಾತ್ರದವೇ. ಸವದತ್ತಿ ಕಡೆಯ ಗಾಳಿ ಯಂತ್ರ, ಪಂಪ್ಡ್ ಸ್ಟೋರೇಜ್ ಎಲ್ಲ ಬೇರೆ ಅಳತೆಯ ಕೆಲಸ. ಹೊಸಬರು ಅಲ್ಲಿಂದ ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಹೊಲ ಹುಡುಕುವುದಕ್ಕಿಂತ ಮೊದಲು ಸ್ಟೇಷನ್‌ಗೆ ಹೋಗಬೇಕು. "ಸರ್, ಹತ್ತು ಎಕರೆ ಐತಿ, ರಸ್ತೆಗೆ ಹಚ್ಚೇ ಐತಿ" ಎಂದು ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಯಾವ ಸ್ಟೇಷನ್ ಹತ್ತಿರ, ಎಷ್ಟು ಕಿಲೋಮೀಟರ್ ಎಂಬುದು. ಐದು ಕಿಲೋಮೀಟರ್ ದಾಟಿದರೆ ಮಾತು ಅಲ್ಲಿಗೇ ಮುಗಿಯಿತು. ಸೆಕ್ಷನ್ ಆಫೀಸಿನ ಒಪ್ಪಿಗೆ ಪಡೆದು ಸ್ಟೇಷನ್ ಲಾಗ್‌ಬುಕ್‌ನಲ್ಲಿ ಮೂರು ಸಂಗತಿ ಬರೆದುಕೊಳ್ಳುತ್ತೇನೆ. ಒಂದು, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಪ್ರತಿ ಫೀಡರ್‌ನ ಆಂಪಿಯರ್. ಎರಡು, ಅದೇ ಹೊತ್ತಿನ 11 ಕೆವಿ ಬಸ್ (ಸ್ಟೇಷನ್ನಿನ ಎಲ್ಲ ಫೀಡರ್‌ಗಳೂ ಕೂಡುವ ವಾಹಕ ಪಟ್ಟಿ) ವೋಲ್ಟೇಜ್. ಮೂರು, ಸ್ಟೇಷನ್‌ಗೆ ಬರುವ 33 ಕೆವಿ ಲೈನ್ ಎಷ್ಟು ಸಲ, ಎಷ್ಟು ಹೊತ್ತು ಹೋಗಿದೆ ಎಂಬುದು. ಏಪ್ರಿಲ್ ತಿಂಗಳ ಪುಟ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಬೇಸಿಗೆಯಲ್ಲಿ ಎಲ್ಲ ಪಂಪ್‌ಸೆಟ್ ಓಡುತ್ತವೆ, ಲೋಡ್ ತುಂಬಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಂದು ವಾರ ಮಳೆ ಹಿಡಿದರೆ ಮೋಟಾರು ಬಂದ್, ಅದೇ ಫೀಡರ್ ಖಾಲಿ. ಆಗ ನಿಮ್ಮ 2 ಮೆಗಾವಾಟ್ ಎಲ್ಲಿಗೆ ಹೋಗುತ್ತದೆ, ಸ್ಟೇಷನ್ನಿನ ಪವರ್ ಟ್ರಾನ್ಸ್‌ಫಾರ್ಮರ್ ಹಾಯ್ದು ಹಿಮ್ಮುಖವಾಗಿ 33 ಕೆವಿಗೆ ಹರಿಯಲು ಬಿಡುತ್ತಾರೆಯೇ ಎಂದು ಹೆಸ್ಕಾಂನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರನ್ನು ಮೊದಲೇ ಕೇಳಬೇಕು.

33 ಕೆವಿ ಲೈನ್ ಹೋಗುವುದರ ಬೆಲೆ ಹೀಗಿದೆ. ಗ್ರಿಡ್‌ಗೆ ಕೊಡುವ 2 ಮೆಗಾವಾಟ್ ಎಸಿಗೆ 2.6 ಮೆಗಾವಾಟ್ ಪ್ಯಾನೆಲ್ ಹಾಕಿದರೆ, ನಮ್ಮ ಬಿಸಿಲಿಗೆ ಕಿಲೋವಾಟ್‌ಗೆ ವರ್ಷಕ್ಕೆ 1,550 ಯೂನಿಟ್ ಹಿಡಿದು ಸುಮಾರು 40 ಲಕ್ಷ ಯೂನಿಟ್, ಅಂದರೆ ದಿನಕ್ಕೆ ಸರಾಸರಿ 11 ಸಾವಿರ. ಕರೆಂಟ್ ಹೋದ ಕೂಡಲೇ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಎಸಿ ಮಾಡುವ ಯಂತ್ರ) ನಿಲ್ಲಲೇಬೇಕು, ಇಲ್ಲವಾದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅಪಾಯ. ನಡು ಮಧ್ಯಾಹ್ನ ಅರ್ಧ ಗಂಟೆ ಹೋದರೆ 900 ಯೂನಿಟ್ ಮಣ್ಣುಪಾಲು, ಆ ದಿನದ ಉತ್ಪಾದನೆಯ ಶೇ 8. ದಿನವೂ ಹೀಗೇ ಆದರೆ ಬ್ಯಾಂಕಿನವರು ನೋಡುವ ಲಾಭದ ಅಂಚು ಪೂರ್ತಿ ಅಲ್ಲೇ ಕರಗುತ್ತದೆ. ಗ್ರಿಡ್ ಇಲ್ಲದ ಹೊತ್ತಿಗೆ ಪರಿಹಾರ ಉಂಟೇ, ಎಷ್ಟು ಗಂಟೆ ದಾಟಿದ ಮೇಲೆ ಎಂಬುದು ಪಿಪಿಎ (ವಿದ್ಯುತ್ ಮಾರಾಟದ ಕರಾರು) ಕರಡಿನಲ್ಲಿರುತ್ತದೆ. ಟೆಂಡರ್ ದರ ಬರೆಯುವ ಮೊದಲೇ ಆ ಷರತ್ತು ಓದಿರಬೇಕು.

ಸ್ಟೇಷನ್ ಪಾಸಾದರೆ ಹೊಲ. ಮೆಗಾವಾಟ್‌ಗೆ 4 ಎಕರೆಯಂತೆ 8 ಎಕರೆ ಬೇಕು. ಹಳ್ಳ, ಒಡ್ಡು, ಹಾದುಹೋದ ಲೈನು ಇದ್ದರೆ 9. ದಿಶಾಂಕ್ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಸರ್ವೆ ನಂಬರ್ ಖಚಿತಪಡಿಸಿಕೊಂಡು ಉತಾರ (ಪಹಣಿ) ತೆಗೆಸುತ್ತೇನೆ. ಉತಾರದಲ್ಲಿ ಹೆಸರು ಒಂದೇ ಇದ್ದರೂ ಮಾಲೀಕರು ಒಬ್ಬರೇ ಎಂದಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಹೊಲ, ವಾರಸಾ (ವಾರಸುದಾರರ ಹೆಸರಿಗೆ ಖಾತೆ) ಆಗಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ವಾಟ್ನಿ (ಪಾಲು) ಮಾಡಿಕೊಂಡಿದ್ದಾರೆ, ಪೋಡಿ (ಪಾಲಿನ ಪ್ರಕಾರ ಸರ್ವೆ ನಂಬರ್ ಬೇರೆ ಮಾಡುವುದು) ಆಗಿಲ್ಲ: ನಮ್ಮಲ್ಲಿ ಇದೇ ಸಾಮಾನ್ಯ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಆದ್ದರಿಂದ ವಂಶಾವಳಿ ತರಿಸಿ, ಕೊಟ್ಟ ಊರಿನಲ್ಲಿರುವ ಅಕ್ಕತಂಗಿಯರ ಸಹಿಯನ್ನೂ ಹಾಕಿಸಲೇಬೇಕು. "ಅವರೇನ್ ಕೇಳಂಗಿಲ್ರಿ" ಎಂಬ ಭರವಸೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪ್ಯಾನೆಲ್ ಬಂದಿಳಿದ ಮೇಲೆ ತಡೆಯಾಜ್ಞೆ ಬರುವುದು ಹೆಚ್ಚಾಗಿ ಇದೇ ದಾರಿಯಲ್ಲಿ.

ಉತಾರದ ಋಣಗಳ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕಿನ ಬೋಜಾ (ಸಾಲದ ಹೊರೆ) ಇದ್ದರೆ ತೀರುವಳಿ ಪತ್ರ ಬೇಕು. ಸರಕಾರದಿಂದ ಮಂಜೂರಾದ ಜಮೀನೇ ಎಂದು ಹಳೆಯ ಮ್ಯುಟೇಶನ್ ತೆಗೆದು ನೋಡುತ್ತೇನೆ. ಪರಿಶಿಷ್ಟರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಅನುಮತಿಯಿಲ್ಲದೆ ಮಾಡಿದ ವರ್ಗಾವಣೆ ಅಸಿಂಧು. ಅಂಥ ಹೊಲವನ್ನು ನಾನು ಮುಟ್ಟುವುದಿಲ್ಲ. ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. 30 ವರ್ಷದ್ದನ್ನು ತೆಗೆಸಿ ವಕೀಲರಿಂದ ಶೋಧನಾ ವರದಿ ಪಡೆಯಿರಿ, ಬ್ಯಾಂಕ್ ಹೇಗೂ ಕೇಳುತ್ತದೆ.

ಬೀಳಗಿ, ಜಮಖಂಡಿ, ಕೊಲ್ಹಾರ ಕಡೆ ಕೃಷ್ಣಾ ದಂಡೆಯ ಹೊಲಗಳಿಗೆ ಇನ್ನೊಂದು ಪರೀಕ್ಷೆ ಇದೆ. ಆಲಮಟ್ಟಿ ಜಲಾಶಯದ ಈಗಿನ ಮಟ್ಟ 519.60 ಮೀಟರ್. ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಅದನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಆ ಗೆರೆಯೊಳಗೆ ಬರುವ ಹೊಲ ಇವತ್ತು ಒಣಗಿ ನಿಂತಿದ್ದರೂ 25 ವರ್ಷದ ಪ್ರಾಜೆಕ್ಟ್‌ಗೆ ಲಾಯಕ್ಕಲ್ಲ. ಫೋನಿನ ಜಿಪಿಎಸ್ ತೋರಿಸುವ ಎತ್ತರ ನಂಬಬೇಡಿ, ಅದು ಹತ್ತಾರು ಮೀಟರ್ ತಪ್ಪಬಹುದು. ಭೂಸ್ವಾಧೀನ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ಕೇಳುವುದೇ ಸರಿ. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಕಾಲುವೆಗಳ ಆಸುಪಾಸಿನ ಸಮಸ್ಯೆ ಬೇರೆ. ನೀರು ಬಂದ ಕಡೆ ದ್ರಾಕ್ಷಿ, ಕಬ್ಬು ಬರುತ್ತದೆ, ಲಾವಣಿ (ಹೊಲದ ಗೇಣಿ) ದರ ಏರುತ್ತದೆ, ರೈತರು 28 ವರ್ಷಕ್ಕೆ ಹೊಲ ಕೊಡಲು ಹಿಂಜರಿಯುತ್ತಾರೆ. ಅವರ ಲೆಕ್ಕ ಸರಿಯೇ ಇದೆ. ಕಾಲುವೆ ಹರಿಯದ, ಕಡಲೆ–ಜೋಳ ಬೆಳೆಯುವ ಒಣ ಹೊಲ ಅಥವಾ ಕಲ್ಲುಮಿಶ್ರಿತ ಮಸಾರಿ (ಕೆಂಪು ಮಣ್ಣಿನ ಹೊಲ) ನೋಡಿ. ಅಲ್ಲಿನ ಒಂದು ವರ್ಷದ ಲಾವಣಿ ಎಷ್ಟಿದೆ ಎಂದು ಊರಲ್ಲಿ ವಿಚಾರಿಸಿ, ಅದಕ್ಕಿಂತ ಮೇಲಿನ ಬಾಡಿಗೆಯಿಂದಲೇ ಮಾತು ಶುರು ಮಾಡಿ. ಬಾಡಿಗೆ ಎರಡು–ಮೂರು ವರ್ಷಕ್ಕೊಮ್ಮೆ ಶೇ 5 ಏರುವಂತೆ ಬರೆದರೆ ಮುಂದೆ ಜಗಳ ಕಡಿಮೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು, ನೋಟರಿ ಮಾಡಿದ ನೂರು ರೂಪಾಯಿ ಬಾಂಡ್ ಯಾವ ಬ್ಯಾಂಕಿಗೂ ನಡೆಯುವುದಿಲ್ಲ. ಸಾಲ ಕೊಟ್ಟವರಿಗೆ ಗುತ್ತಿಗೆ ವರ್ಗಾಯಿಸುವ ಹಕ್ಕು, ಲೈನ್ ಎಳೆಯಲು ದಾರಿ, ಅವಧಿ ಮುಗಿದ ಮೇಲೆ ಕಾಂಕ್ರೀಟ್ ಯಾರು ಕೀಳಬೇಕು ಎಂಬ ಮೂರೂ ಅದರಲ್ಲಿರಲಿ. ಹದ್ದುಬಸ್ತು ಮಾಡಿಸಿ ಕಲ್ಲು ನೆಟ್ಟ ಮೇಲೆಯೇ ನಾನು ಮುಂಗಡ ಕೊಡುವುದು.

ಆಮೇಲೆ ಮಣ್ಣು. ಎಕರೆಗೊಂದರಂತೆ ಜೆಸಿಬಿಯಿಂದ ಗುಂಡಿ ತೋಡಿಸಿ, ಎರಿ (ಕಪ್ಪು ಮಣ್ಣು) ಎಷ್ಟು ಆಳ, ಅದರಡಿಯ ಗರಸು (ಗಟ್ಟಿ ಜಲ್ಲಿಮಣ್ಣು) ಎಲ್ಲಿ ಸಿಗುತ್ತದೆ ಎಂದು ಅಳೆಯಬೇಕು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದೂವರೆ ಮೀಟರ್ ಆಳದ ಕಾಂಕ್ರೀಟ್ ಕಂಬ ಪೂರ್ತಿ ಎರಿಯಲ್ಲೇ ನಿಂತಿದ್ದರೆ ವರ್ಷ ವರ್ಷ ಅಷ್ಟಷ್ಟು ಮೇಲೆ ತಳ್ಳಿಸಿಕೊಳ್ಳುತ್ತದೆ. ಒಂದು ಕಂಬ ಏರಿ ಪಕ್ಕದ್ದು ಏರದೆ ಹೋದಾಗ ಟೇಬಲ್ (ಪ್ಯಾನೆಲ್ ಕೂಡಿಸುವ ಚೌಕಟ್ಟು) ತಿರುಚಿ ಪ್ಯಾನೆಲ್ ಗಾಜಿನಲ್ಲಿ ಸೀಳು ಬೀಳುತ್ತದೆ. ಗರಸು ಎರಡು ಮೀಟರ್ ಒಳಗೆ ಸಿಕ್ಕರೆ ಕಂಬದ ಬುಡವನ್ನು ಅಲ್ಲಿಗೆ ಮುಟ್ಟಿಸಿದರೆ ಸಾಕು. ಡೋಣಿ ದಂಡೆಯಂಥ ಆಳ ಎರಿಯಾದರೆ ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಬೇಕು, ಖರ್ಚು ಎದ್ದು ಕಾಣುವಷ್ಟು ಏರುತ್ತದೆ. ಕಂಬ ಕಿತ್ತು ನೋಡುವ ಪುಲ್‌ಔಟ್ ಪರೀಕ್ಷೆಯನ್ನು ಒಣ ನೆಲದಲ್ಲಿ ಮಾಡಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ನೀರು ನಿಲ್ಲಿಸಿ ನೆನೆಸಿದ ನೆಲದಲ್ಲೂ ಮಾಡಿ ಎಂದು ಗುತ್ತಿಗೆದಾರರಿಗೆ ಕರಾರಿನಲ್ಲೇ ಬರೆದುಕೊಡಿ. ಜೂನ್ ನಂತರ ಎರಿ ಹೊಲಕ್ಕೆ ಪ್ಯಾನೆಲ್ ಲಾರಿ ಇಳಿಯುವುದಿಲ್ಲ, ಅದಕ್ಕೇ ಒಳರಸ್ತೆಗೆ ಮೇ ತಿಂಗಳೊಳಗೆ ಗರಸು ಹಾಕಿಸಿರಬೇಕು.

ಈಗ ಘಟಕದಿಂದ ಸ್ಟೇಷನ್‌ವರೆಗಿನ ಲೈನ್. ಹೊಸಬರು ಅತಿ ಅಗ್ಗಕ್ಕೆ ಮುಗಿಸಲು ನೋಡುವುದು ಇದನ್ನೇ. ಮೀಟರ್ ಇರುವುದು ಸ್ಟೇಷನ್ ತುದಿಯಲ್ಲಿ, ಹಾಗಾಗಿ ದಾರಿಯ ನಷ್ಟವೆಲ್ಲ ನಿಮ್ಮದೇ. 2 ಮೆಗಾವಾಟ್‌ಗೆ 11 ಕೆವಿಯಲ್ಲಿ 105 ಆಂಪಿಯರ್ ಹರಿಯುತ್ತದೆ. ರ‍್ಯಾಬಿಟ್ ಎಂಬ ಅಳತೆಯ ತಂತಿಗೆ ಕಿಲೋಮೀಟರ್‌ಗೆ ಸುಮಾರು 0.55 ಓಮ್, ನಾಲ್ಕು ಕಿಲೋಮೀಟರ್‌ಗೆ 2.2 ಓಮ್. ಮೂರು ಫೇಸ್ ಸೇರಿ ನಷ್ಟ 73 ಕಿಲೋವಾಟ್, ಅಂದರೆ ಪೂರ್ಣ ಬಿಸಿಲಲ್ಲಿ ಶೇ 3.6. ಬೆಳಿಗ್ಗೆ–ಸಂಜೆ ಕಡಿಮೆ ಹರಿಯುವುದರಿಂದ ವರ್ಷದ ಸರಾಸರಿ ಶೇ 2.5ರ ಆಸುಪಾಸು, ಸುಮಾರು 1 ಲಕ್ಷ ಯೂನಿಟ್. ಅದಕ್ಕಿಂತ ದಪ್ಪನೆಯ ಕೊಯೋಟ್ ತಂತಿಗೆ ಕಿಲೋಮೀಟರ್‌ಗೆ 0.22 ಓಮ್, ನಷ್ಟ 40 ಸಾವಿರ ಯೂನಿಟ್‌ಗೆ ಇಳಿಯುತ್ತದೆ. ಯೂನಿಟ್‌ಗೆ 3 ರೂಪಾಯಿ ಹಿಡಿದರೂ ವರ್ಷಕ್ಕೆ 1.8 ಲಕ್ಷ ಉಳಿತಾಯ. ದಪ್ಪ ತಂತಿಗೆ ಹೆಚ್ಚು ತೆತ್ತದ್ದು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ ಎಂದು ಅವತ್ತಿನ ದರದಲ್ಲಿ ಲೆಕ್ಕ ಹಾಕಿ.

ನಷ್ಟಕ್ಕಿಂತ ವೋಲ್ಟೇಜ್ ಹೆಚ್ಚು ಕಾಡುತ್ತದೆ. ಕರೆಂಟ್ ಸ್ಟೇಷನ್ ಕಡೆಗೆ ಹರಿಯಬೇಕಾದರೆ ನಿಮ್ಮ ತುದಿಯ ವೋಲ್ಟೇಜ್ ಸ್ಟೇಷನ್‌ಗಿಂತ ಮೇಲಿರಬೇಕು. ಅದೇ ರ‍್ಯಾಬಿಟ್ ಲೈನಿನಲ್ಲಿ ಏರಿಕೆ ಸುಮಾರು 400 ವೋಲ್ಟ್. ಮಳೆಗಾಲದಲ್ಲಿ ಲೋಡ್ ಇಲ್ಲದೆ ಬಸ್ 11.6 ಕೆವಿಗೆ ಏರಿದ್ದರೆ ನಿಮ್ಮಲ್ಲಿ 12 ಕೆವಿ, ಅಂದರೆ ಶೇ 109. ಇನ್ವರ್ಟರ್‌ಗೆ ಸಾಮಾನ್ಯವಾಗಿ ಇಟ್ಟಿರುವ ಮಿತಿ ಶೇ 110, ಸ್ವಲ್ಪ ಏರಿದರೂ ದಾಟುತ್ತದೆ. ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ಒಂದೊಂದೇ ಇನ್ವರ್ಟರ್ ಟ್ರಿಪ್ ಆಗುತ್ತದೆ, ಕೆಲವು ನಿಮಿಷ ಕಾದು ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಕಂಪನಿ ಎಂಜಿನಿಯರ್ ಬಂದು ಇನ್ವರ್ಟರ್ ಬದಲಿಸಿದರೂ ವಾಸಿಯಾಗದ ಕಾಯಿಲೆ ಇದು, ಮೂಲ ಲೈನಿನಲ್ಲಿದೆ. ಮೊದಲೇ ಲಾಗ್‌ಬುಕ್ಕಿನ ಬಸ್ ವೋಲ್ಟೇಜ್ ಬರೆದುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಘಟಕದ ಟ್ರಾನ್ಸ್‌ಫಾರ್ಮರ್‌ಗೆ ಎರಡೂವರೆ ಶೇಕಡಾ ಹೆಜ್ಜೆಯಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಕೇಳಿ, ಮಳೆಗಾಲದ ಗರಿಷ್ಠ ಅಂಕಿಗೆ ಹೊಂದುವ ಟ್ಯಾಪ್‌ನಲ್ಲಿಡಿ. ಇನ್ನು, ಹಾದುಹೋಗುವ ಪಂಪ್‌ಸೆಟ್ ಫೀಡರ್‌ಗೇ ಜೋಡಿಸಿಬಿಡೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ. ಆ ಫೀಡರ್‌ನಲ್ಲಿ ಎಲ್ಲೋ ಒಂದು ಟಿಸಿ (ಹೊಲದ ಟ್ರಾನ್ಸ್‌ಫಾರ್ಮರ್) ಸುಟ್ಟರೂ ನಿಮ್ಮ ಘಟಕ ಕೂತುಬಿಡುತ್ತದೆ. ಸ್ವಂತ ಲೈನ್, ಸ್ಟೇಷನ್‌ನಲ್ಲಿ ಸ್ವಂತ ಬ್ರೇಕರ್, ಬಸ್‌ಗೆ ನೇರ ಜೋಡಣೆ.

ಒಳಗಿನ ವಿನ್ಯಾಸ ಹೆಚ್ಚು ತಲೆನೋವಿನದಲ್ಲ, ಎರಡೇ ಮಾತು ಹೇಳುತ್ತೇನೆ. 550 ವಾಟ್‌ನ ಪ್ಯಾನೆಲ್‌ಗೆ ತೆರೆದ ವೋಲ್ಟೇಜ್ (ಕರೆಂಟ್ ಹರಿಯದಿರುವಾಗಿನದು) 50ರಷ್ಟು. ವಿಜಯಪುರದ ಡಿಸೆಂಬರ್ ಮುಂಜಾನೆ 8 ಡಿಗ್ರಿಗೆ ಇಳಿದಾಗ ಅದು 52 ದಾಟುತ್ತದೆ. 1,500 ವೋಲ್ಟ್ ಮಿತಿಗೆ, ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಸಾಲಿಗೆ 28 ಪ್ಯಾನೆಲ್ ಸರಿ, 29 ಹಾಕಿದರೆ ಚಳಿಗಾಲದಲ್ಲಿ ಮಿತಿ ದಾಟುತ್ತದೆ. ಎರಡನೆಯದು ನೀರು. 2.6 ಮೆಗಾವಾಟ್‌ಗೆ 4,700 ಪ್ಯಾನೆಲ್, ಒಂದಕ್ಕೆ 2 ಲೀಟರ್‌ನಂತೆ ಒಮ್ಮೆ ತೊಳೆಯಲು 9,500 ಲೀಟರ್. ನಮ್ಮ ಸವಳು ಬೋರ್ ನೀರು ಗಾಜಿನ ಮೇಲೆ ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ತಿಕ್ಕಿದರೂ ಹೋಗುವುದಿಲ್ಲ. ಹೊಲ ಒಪ್ಪುವ ಮುನ್ನ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ನೋಡಿ, ಕೆಟ್ಟಿದ್ದರೆ ಮೆದುನೀರಿನ ಯಂತ್ರದ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಿರಿ. ಲೋಕಾಪುರ, ಮುಧೋಳ ಕಡೆ ಸಿಮೆಂಟ್ ಕಾರ್ಖಾನೆ ಹತ್ತಿರವಿದ್ದರೆ ತೊಳೆಯುವ ಸರದಿ ಇನ್ನೂ ಬೇಗ ಬರುತ್ತದೆ. ಸಿಮೆಂಟ್ ಧೂಳಿಗೆ ಇಬ್ಬನಿ ಸೇರಿದರೆ ಗಟ್ಟಿಯಾಗುತ್ತದೆ.

ಹಣದ ವಿಷಯ. ಬ್ಯಾಂಕ್ 70 ಭಾಗ ಕೊಟ್ಟರೆ 30 ನಿಮ್ಮದು. ಕುಸುಮ್ ಸಿ ವಿಭಾಗದ ಫೀಡರ್ ಘಟಕಗಳಿಗೆ ಕೇಂದ್ರದ ನೆರವು ಮೆಗಾವಾಟ್‌ಗೆ ಗರಿಷ್ಠ 1.05 ಕೋಟಿ. ಅದು ಮೊದಲೇ ಕೈಗೆ ಬರುವ ಹಣವಲ್ಲ, ಬರುವವರೆಗೆ ಬಡ್ಡಿ ಓಡುತ್ತಿರುತ್ತದೆ ಎಂದುಕೊಂಡೇ ದರ ಬರೆಯಿರಿ. ಎಷ್ಟೋ ಮಂದಿ ನೆರವನ್ನು ಬಂಡವಾಳದಿಂದ ಕಳೆದು, ಉಳಿದದ್ದಕ್ಕೆ ಸಾಲ ಜೋಡಿಸಿ, ಕಡಿಮೆ ದರಕ್ಕೆ ಟೆಂಡರ್ ಗೆಲ್ಲುತ್ತಾರೆ. ಆಮೇಲೆ ಕೆಲಸ ನಡುವೆ ನಿಂತು ಬ್ಯಾಂಕ್ ಗ್ಯಾರಂಟಿ ಮುಟ್ಟುಗೋಲಾಗುತ್ತದೆ. ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ನದೇ ಆಗಬೇಕೆಂಬ ಷರತ್ತು ನಿಮ್ಮ ಟೆಂಡರ್‌ನಲ್ಲಿ ಇದೆಯೇ ನೋಡಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ. ಖಾಸಗಿ ಕಾರ್ಖಾನೆಗೆ ಮಾರುವುದಾದರೆ ದಾರಿ ಬೇರೆ: ಕ್ಯಾಪ್ಟಿವ್ (ಬಳಕೆದಾರರ ಸ್ವಂತ ಘಟಕ) ಎನಿಸಲು ಕಂಪನಿಯಲ್ಲಿ ಬಳಕೆದಾರರ ಪಾಲು ಕನಿಷ್ಠ ಶೇ 26, ಬಳಕೆ ವರ್ಷಕ್ಕೆ ಕನಿಷ್ಠ ಶೇ 51. ಒಂದೇ ವರ್ಷ ತಪ್ಪಿದರೂ ಆ ವರ್ಷದ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಬೇರೆಡೆಯಿಂದ ಕರೆಂಟ್ ಕೊಂಡವರು ವಿದ್ಯುತ್ ಕಂಪನಿಗೆ ಕಟ್ಟುವ ಹೆಚ್ಚುವರಿ ಶುಲ್ಕ) ಮೈಮೇಲೆ ಬರುತ್ತದೆ.

ಚಾಲನೆಗೆ ಮುನ್ನ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಎರಡು ಸಲ: ಕೆಲಸ ಶುರುವಾಗುವ ಮೊದಲು ನಕ್ಷೆಗೆ, ಮುಗಿದ ಮೇಲೆ ಸ್ಥಳ ಪರಿಶೀಲನೆಗೆ. ನಕ್ಷೆಯಲ್ಲಿ ತೋರಿಸಿದ ಕೇಬಲ್ ಅಳತೆ, ಅರ್ಥಿಂಗ್ ಗುಂಡಿಗಳ ಸಂಖ್ಯೆ ಹೊಲದಲ್ಲಿ ಬೇರೆಯಾಗಿದ್ದರೆ ಕಡತ ವಾಪಸ್ ಬರುತ್ತದೆ. ಮೀಟರ್, ಅದಕ್ಕೆ ಕರೆಂಟ್ ಮತ್ತು ವೋಲ್ಟೇಜ್ ಅಳೆದುಕೊಡುವ ಸಿಟಿ, ಪಿಟಿಗಳನ್ನು ಪರೀಕ್ಷೆಗೆ ಕೊಡುವುದನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಲೈನ್ ಕಂಬ ನೆಡುವ ಹೊತ್ತಿಗೇ ಅದು ಪ್ರಯೋಗಾಲಯದಲ್ಲಿರಬೇಕು.

ಈ ವೃತ್ತಿಗೆ ಬರುವ ಹುಡುಗರು ಯಾವ ಕೋರ್ಸ್ ಮಾಡಲಿ ಎಂದು ಕೇಳುತ್ತಾರೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಅಥವಾ ಬಿಇ ಇದ್ದರೆ ಸಾಕು, ಸಿವಿಲ್‌ನವರೂ ಚೆನ್ನಾಗಿ ಮಾಡುತ್ತಾರೆ. ಮೊದಲ ಎರಡು ವರ್ಷ ಲೈನ್ ಕೆಲಸದ ಗುತ್ತಿಗೆದಾರರ ಬಳಿ ಅಥವಾ ಸೋಲಾರ್ ಕಂಪನಿಯ ಜಮೀನು ವಿಭಾಗದಲ್ಲಿರಿ. ಅಂದಾಜುಪಟ್ಟಿ ಬರೆಯುವುದು, ಉತಾರ ಓದುವುದು ಎರಡೂ ಕೈಗೆ ಹತ್ತಬೇಕು. ಎಕ್ಸೆಲ್‌ನಲ್ಲಿ 25 ವರ್ಷದ ಹಣದ ಹರಿವನ್ನು ಬೇರೆಯವರ ಹಾಳೆ ನಕಲಿಸದೆ ಸ್ವತಃ ಕಟ್ಟಲು ಕಲಿಯಿರಿ. ಮೊದಮೊದಲು ಸ್ವಂತ ಘಟಕದ ಆಸೆ ಬಿಟ್ಟು, ಬಂಡವಾಳ ಇರುವವರಿಗೆ ಜಾಗ ಸಿದ್ಧಮಾಡಿ ಕೊಡುವ ಕೆಲಸ ಹಿಡಿಯಿರಿ. ಸಂಭಾವನೆಯನ್ನು ಹಂತಕ್ಕೆ ಕಟ್ಟಿ ಬರೆಸಿಕೊಳ್ಳಿ: ಗುತ್ತಿಗೆ ನೋಂದಣಿಗೆ ಇಷ್ಟು, ಸ್ಟೇಷನ್ ಒಪ್ಪಿಗೆಗೆ ಇಷ್ಟು, ಚಾಲನೆಗೆ ಇಷ್ಟು. ಎಲ್ಲವೂ ಚಾಲನೆಯಾದ ಮೇಲೆ ಎಂಬ ಮಾತಿಗೆ ಒಪ್ಪಿದರೆ ಎರಡು ವರ್ಷದ ಓಡಾಟದ ಖರ್ಚು ನಿಮ್ಮ ಜೇಬಿನದೇ. ಹಣದ ಬದಲು ಕಂಪನಿಯಲ್ಲಿ ಪಾಲು ಕೊಡುತ್ತೇವೆ ಎಂದರೆ, ಚಾಲನೆಗೆ ಮುಂಚೆ ಷೇರು ಹಸ್ತಾಂತರಕ್ಕೆ ಟೆಂಡರ್ ಮತ್ತು ಪಿಪಿಎಯಲ್ಲಿ ಏನು ತಡೆಯಿದೆ ಎಂದು ಓದಿಕೊಂಡೇ ಸಹಿ ಮಾಡಿ.