ಪುರಾತತ್ವದಲ್ಲಿ ಎಂಎ ಮಾಡಬೇಕೇ? ಬೂದಿ ದಿಬ್ಬದಿಂದ ಶುರು ಮಾಡಿ

ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿ ರಾಶಿ ಇದೆ. ವಾಲಿಯನ್ನು ಸುಟ್ಟ ಜಾಗ ಅದು ಅಂತ ಜನ ಹೇಳುತ್ತಾರೆ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಇಂಥ ದಿಬ್ಬಗಳು ಬೇಕಾದಷ್ಟಿವೆ. ಒಂದು ತುಂಡು ಕೈಗೆತ್ತಿಕೊಳ್ಳಿ. ಬೂದು ಬಣ್ಣ, ಮೈತುಂಬ ತೂತು, ಅಲ್ಲಲ್ಲಿ ಗಾಜು ಕರಗಿದ ಹಾಗೆ ಹೊಳಪು. ಕುಲುಮೆಯ ಕಿಟ್ಟ ಅಂದುಕೊಳ್ಳುತ್ತೀರಿ. ಆದರೆ ಅದು ಸಗಣಿ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದವರು ಸುಟ್ಟ ಸಗಣಿ.

ಇದನ್ನು ತಿಳಿಯಲು ಸನಿಕೆ, ಗುದ್ದಲಿ ಮಾತ್ರ ಸಾಲಲಿಲ್ಲ. ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದಾಗ ಬೇಲಿಗೂಟದ ಕುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕವು. ಅಲ್ಲಿಗೆ ಅದು ದೊಡ್ಡಿ ಅಂತ ಗೊತ್ತಾಯಿತು. ಆದರೆ ಅದನ್ನು ಮತ್ತೆ ಮತ್ತೆ ಸುಟ್ಟಿದ್ದು ಯಾಕೆ? ಉತ್ತರ ಹುಡುಕುತ್ತಾ ಅವರು ದನಗಾಹಿಗಳ ಬದುಕನ್ನೂ ಬೆಂಕಿಯ ಹಬ್ಬಗಳನ್ನೂ ನೋಡಿದರು. ನಮ್ಮಲ್ಲಿ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ವಾ, ಅಂಥವು. ಜನರ ಬದುಕು, ಆಚರಣೆಗಳನ್ನು ಅಭ್ಯಾಸ ಮಾಡುವ ಮಾನವಶಾಸ್ತ್ರ (ಆಂಥ್ರಪಾಲಜಿ) ಬೇಕಾಗುವುದು ಇಲ್ಲೇ.

ಹಾಗಾಗಿ ಮೊದಲ ಹೆಜ್ಜೆ, ಎರಡೂ ಸಿಗುವ ಜಾಗ ಆರಿಸುವುದು. ಮೈಸೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಪುರಾತತ್ವವನ್ನೂ ಓದಬಹುದು, ಮಾನವಶಾಸ್ತ್ರ ವಿಭಾಗವೂ ಇದೆ. ಪುಣೆಯ ಡೆಕ್ಕನ್ ಕಾಲೇಜು ಉತ್ಖನನಕ್ಕೇ ಹೆಸರುವಾಸಿ. ಸುರಪುರ ಸೀಮೆಯ ಬೂದಿಹಾಳದ ದಿಬ್ಬವನ್ನು ಅಗೆದವರು ಅಲ್ಲಿನ ಕೆ. ಪದ್ದಯ್ಯ. ಅರ್ಹತೆ, ಪ್ರವೇಶ ಪರೀಕ್ಷೆಯ ವಿವರಕ್ಕೆ ಆಯಾ ವರ್ಷದ ಪ್ರಕಟಣೆ ನೋಡಿ.

ಸೇರಿದ ಮೇಲೆ ಮೊದಲ ಸೆಮಿಸ್ಟರ್‌ನಲ್ಲೇ ಪಕ್ಕದ ಮಾನವಶಾಸ್ತ್ರ ವಿಭಾಗದ ಬಾಗಿಲು ತಟ್ಟಿ. ಐಚ್ಛಿಕ ಪತ್ರಿಕೆ ಸಿಗದಿದ್ದರೆ ತರಗತಿಯಲ್ಲಿ ಸುಮ್ನೆ ಕೂತು ಕೇಳಲು ಅನುಮತಿ ಕೇಳಿ. ಕ್ಷೇತ್ರಕಾರ್ಯದ ಕ್ರಮವನ್ನು ಅಲ್ಲಿ ಕಲಿಯಲೇಬೇಕು.

ಆಮೇಲೆ ಉತ್ಖನನ ಶಿಬಿರ. ಮಣ್ಣಿನ ಪದರ ಗುರುತಿಸುವುದು, ಮಡಕೆ ಚೂರು ತೊಳೆದು ನಂಬರ್ ಬರೆಯುವುದು, ನಕ್ಷೆ ಎಳೆಯುವುದು ಎಲ್ಲ ಕೈಗೆ ಬರಬೇಕು. ರಜೆ ಸಿಕ್ಕಾಗ ಒಬ್ಬ ಕುಂಬಾರರ ಜೊತೆ ವಾರ ಕಳೆಯಿರಿ. ಜೇಡಿಗೆ ಏನು ಬೆರೆಸುತ್ತಾರೆ, ಆವಿಗೆಯಲ್ಲಿ ಎಷ್ಟು ಒಡೆಯುತ್ತವೆ, ಒಡೆದದ್ದನ್ನು ಎಲ್ಲಿ ಸುರಿಯುತ್ತಾರೆ ಅಂತ ಬರೆದುಕೊಳ್ಳಿ. ಕುಳಿಯಲ್ಲಿ ಸಿಗುವ ಚೂರುಗಳನ್ನು ಓದಲು ಈ ಟಿಪ್ಪಣಿಯಷ್ಟು ಜಾಸ್ತಿ ನೆರವಾಗುವುದು ಬೇರೆ ಯಾವುದೂ ಇಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಎಂಎ ನಂತರ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಗ್ರೇಟರ್ ನೋಯ್ಡಾ ಸಂಸ್ಥೆಯಲ್ಲಿ 2 ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಮಾನವಶಾಸ್ತ್ರದಲ್ಲಿ ಎಂಎ ಮಾಡಿದವರಿಗೂ ಅದು ತೆರೆದಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಮಾತ್ರ ಎರಡೂ ಬೇರೆ ಬೇರೆ ವಿಷಯಗಳು. ಅಮೆರಿಕದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದ್ದರೆ ಆಂಥ್ರಪಾಲಜಿ ವಿಭಾಗಗಳನ್ನು ಹುಡುಕಿ. ಅಲ್ಲಿ ಪುರಾತತ್ವವನ್ನು ಹೆಚ್ಚಾಗಿ ಅದರ ಒಳಗೇ ಕಲಿಸುತ್ತಾರೆ. ಆರ್ಕಿಯಾಲಜಿ ಅಂತ ಮಾತ್ರ ಹುಡುಕಿದರೆ ಅವು ಕಣ್ಣಿಗೇ ಬೀಳುವುದಿಲ್ಲ.