ಹೂಂ ಅನ್ನುವ ಮುಂಚೆ ಕೇಳಬೇಕಾದ್ದು

"ಕ್ಯಾನ್ಸರ್ ಇರುವ ಸ್ತನ ತೆಗೆಯುವಾಗಲೇ ಹೊಸದನ್ನೂ ಕಟ್ಟಿಬಿಡೋಣ" ಅಂದರು ಡಾಕ್ಟರು. ನಾನು ತಕ್ಷಣ ಹೂಂ ಅಂದೆ. ಎಚ್ಚರವಾದಾಗ ಎದೆ ಖಾಲಿ ಇರಬಾರದು, ಅಷ್ಟೇ ತಲೆಯಲ್ಲಿದ್ದದ್ದು. ನೀವು ಒಂದು ನೋಟ್‌ಬುಕ್ ಹಿಡಿದುಕೊಂಡು ಹೋಗಿ.

ಮೊದಲು ಕೇಳಿ: ನನಗೆ ರೇಡಿಯೇಷನ್ ಬೇಕಾಗಬಹುದಾ? ಇಂಪ್ಲಾಂಟ್ (ಸ್ತನದ ಜಾಗದಲ್ಲಿ ಒಳಗೆ ಇಡುವ ಸಿಲಿಕೋನ್ ಚೀಲ) ಇದ್ದಾಗ ರೇಡಿಯೇಷನ್ ಕೊಟ್ಟರೆ ಅದರ ಸುತ್ತಲಿನ ಪೊರೆ ಬಿಗಿದು ಗಟ್ಟಿಯಾಗುವುದು ಜಾಸ್ತಿ. ನನ್ನ ಎಡಗಡೆ ಈಗ ಕಾಯಿ ಮಾವಿನ ಹಾಗಿದೆ, ಮೇಲಕ್ಕೆ ಸರಿದು ಕೂತಿದೆ. ಟೈಲರ್ ಹತ್ತಿರ ಎರಡು ಅಳತೆ ಕೊಡಬೇಕು! ಕಂಕುಳಿನ ಗಂಟುಗಳಿಗೆ ಕ್ಯಾನ್ಸರ್ ಹರಡಿದ್ದರೆ ರೇಡಿಯೇಷನ್ ಬೇಕಾಗಬಹುದು, ಆದರೆ ಆ ಗಂಟುಗಳ ಪೂರ್ತಿ ರಿಪೋರ್ಟ್ ಬರುವುದೇ ಆಪರೇಷನ್ ಆದ ಮೇಲೆ. ಅದಕ್ಕೇ ಈ ಪ್ರಶ್ನೆಗೆ ಕೆಲವೊಮ್ಮೆ ಮುಂಚೆಯೇ ಖಚಿತ ಉತ್ತರ ಸಿಗಲ್ಲ.

ಆಮೇಲೆ, ಗಾಯ ಮಾಯದಿದ್ದರೆ ಕೀಮೋ ಕತೆ ಏನು ಅಂತ ಕೇಳಿ. ರಕ್ತ ಸಾಲದೆ ಚರ್ಮ ಸಾಯಬಹುದು, ಕೀವಾಗಬಹುದು. ನನಗೆ ಹೊಲಿಗೆ ಪಕ್ಕ ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಯಿತು. ಕೀಮೋ 2 ವಾರ ಮುಂದಕ್ಕೆ ಹೋಯಿತು. ಶುಗರ್, ಸಿಗರೇಟು, ಜಾಸ್ತಿ ತೂಕ ಇದ್ದರೆ ಈ ಅಪಾಯ ಹೆಚ್ಚು. ಮುಚ್ಚಿಡಬೇಡಿ.

ಇಂಪ್ಲಾಂಟ್ ಬದಲು ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಸ್ತನ ಕಟ್ಟುವುದಾದರೆ ಆಪರೇಷನ್ ಬಹಳ ಗಂಟೆ ಹಿಡಿಯುತ್ತದೆ, ಹೊಟ್ಟೆಯ ಮೇಲೂ ಗಾಯ. ಮೊದಲಿನ ಸ್ಪರ್ಶ ಯಾವುದರಲ್ಲೂ ಪೂರ್ತಿ ವಾಪಸ್ ಬರಲ್ಲ ಅನ್ನಿ. ಇಂಪ್ಲಾಂಟ್ ಕೂಡ ಜೀವನಪೂರ್ತಿ ಬಾಳುವ ವಸ್ತುವಲ್ಲ.

ಚಿಕಿತ್ಸೆಯೆಲ್ಲ ಮುಗಿದ ಮೇಲೆ, ವರ್ಷ ಬಿಟ್ಟು ಕಟ್ಟಿಸಿಕೊಂಡರೂ ಆಗುತ್ತದೆ. ನನಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.